ಮಂದಿ ಒಲ್ಲೆ ಅಂದ ಪಿಕ್ಚರ್ ತೋರಸೂದಿದ್ರ ಯಾವುದು ತೋರಸೂದು, ಹೆಂಗ ತೋರಸೂದು?

ಸಾಧನಕೇರಿ ಸಂಜಿ:
ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡದಾಗ ತಿಂಗಳಿಗೊಂದು ರವಿವಾರ, 40 ಮಂದಿ ಕೂಡೂವಂಥ ಸಣ್ಣ ಹಾಲಿನ್ಯಾಗ ಪಿಕ್ಚರ್ ತೋರಸೂ ವಿಚಾರ ನಡದದ. ಶರ್ತ ಒಂದ: ಬಿಡುಗಡೆ ಆದಾಗ ಮಂದಿ ಕೈಬಿಟ್ಟಿರಬೇಕು, ಪೇಪರ್‌ನವರೂ ಮೂಗು ಮುರದಿರಬೇಕು, ಆದ್ರೂ ಕೆಲವರು ಅದನ್ನ ಇವತ್ತಿಗೂ ಎದಿಗೆ ಹಚ್ಚಿಕೊಂಡಿರಬೇಕು. ಹಿಟ್ ಆದದ್ದನ್ನ ತೋರಸಾಕ ಟಿವಿ ಅದ, ಮೊಬೈಲ್ ಅದ. ಸೋತದ್ದನ್ನ ಕೂಡಿ ಕೂತು ನೋಡೂದು ಬ್ಯಾರೇನ ಕೆಲಸ ಅನ್ನೋದು ನಮ್ಮ ನಂಬಿಕಿ.

ಕೇಳೂದು ಮೂರು. ಮೊದಲನೇದಕ್ಕ ಯಾವ ಪಿಕ್ಚರ್ ಹಚ್ಚೂದು? ಯಾವ ಕಾಪಿ ಹಿಡೀಬೇಕು? ಹಾಲಿನ ತಯಾರಿ ಏನು? ಪಿಕ್ಚರ್ ಯಾಕ ಸೋತು ಅನ್ನೋದನ್ನೂ ಯಾರರ ಬಿಡಿಸಿ ಹೇಳಿದ್ರ, ಶುರುವಿಗೆ ಎರಡು ಮಾತು ಆಡಾಕ ಬರತದ.

ಹಂಚಿಕೆ ಲೆಕ್ಕ:
ಕಡೇ ಪ್ರಶ್ನೆ ಮೊದಲು ಹಿಡೀತೀನ್ರಿ. "ಸೋತ ಪಿಕ್ಚರ್" ಅಂದ ಕೂಡಲೆ ಮಂದಿ ನೋಡಿ ಬಿಟ್ರು ಅಂತ ತಿಳೀತೀವಿ. ಭಾಳ ಸಲ ಮಂದಿ ನೋಡೇ ಇರೂದಿಲ್ಲ, ನೋಡೂದರೊಳಗ ಟಾಕೀಜಿನಿಂದ ಎತ್ತಿರತಾರ.

ಸಿಂಗಲ್ ಸ್ಕ್ರೀನ್ ಬಾಡಿಗಿ ಪದ್ಧತಿ ತಗೋರಿ. ವಿತರಕ ಟಾಕೀಜಿಗೆ ವಾರದ ಬಾಡಿಗಿ ಕೊಡಬೇಕು. ಉದಾಹರಣಿಗೆ ಬಾಡಿಗಿ 1 ಲಕ್ಷ ಅನ್ರಿ. ತೆರಿಗಿ ಕಳದು ವಾರದ ಗಳಿಕಿ 80 ಸಾವಿರ ಬಂದ್ರ ವಿತರಕ 20 ಸಾವಿರ ತನ್ನ ಕಿಸೆದಿಂದ ಹಾಕಬೇಕು. ಎರಡನೇ ವಾರಕ್ಕೂ ಹಿಂಗ ಆಗತದ ಅಂತ ಅನಿಸಿದ್ರ ಗುರುವಾರ ರಾತ್ರಿನ ಪಿಕ್ಚರ್ ಇಳಿಸಿಬಿಡ್ತಾನ. ಬಾಯಿಂದ ಬಾಯಿಗೆ ಸುದ್ದಿ ಹಬ್ಬಾಕ ಕಡಿಮಿ ಅಂದ್ರೂ 10-12 ದಿನ ಬೇಕು. ಆ ದಿನ ಸಿಗೂದ ಇಲ್ಲ.

ಮಲ್ಟಿಪ್ಲೆಕ್ಸಿನ್ಯಾಗ ಬಾಡಿಗಿ ಇಲ್ಲ, ಪರ್ಸೆಂಟೇಜ್ ಅದ. 2009ರಾಗ ಹಿಂದಿ ನಿರ್ಮಾಪಕರು ಎರಡು ತಿಂಗಳು ಹೊಸ ಪಿಕ್ಚರ್ ಕೊಡದ ಜಗಳಾಡಿದ ಮ್ಯಾಲೆ ಒಪ್ಪಂದ ಆತು: ಮೊದಲ ವಾರ ವಿತರಕಗ 50%, ಎರಡನೇದಕ್ಕ 42.5%, ಮೂರನೇದಕ್ಕ 37.5%, ನಾಲ್ಕನೇದಕ್ಕ 30%. ವಾರ ಕಳದಂಗ ವಿತರಕನ ಪಾಲು ಕಡಿಮಿ. ಅದಕ್ಕ ಎಲ್ಲಾರ ಜೀವ ಮೊದಲ ಮೂರು ದಿನದ ಮ್ಯಾಲೆ. ಸಾವಕಾಶ ಏರೂ ಪಿಕ್ಚರಿಗೆ ಈ ಲೆಕ್ಕದಾಗ ಜಾಗಾನ ಇಲ್ಲ. ಸೋಮವಾರ ಸಂಜಿ 7ರ ಶೋ ಬೆಳಿಗ್ಗೆ 10ಕ್ಕ ಸರೀತಂದ್ರ ತಿಳೀರಿ, ಮುಗೀತು.

ನಮ್ಮ ಭಾಗದ್ದು ಇನ್ನೊಂದು. ಹುಬ್ಬಳ್ಳಿ ಮುಂಬೈ ಕರ್ನಾಟಕದ ಹಂಚಿಕಿ ಕೇಂದ್ರ. ಇಲ್ಲಿಂದ ಗದಗ, ಹಾವೇರಿ, ರೋಣ, ಶಿಗ್ಗಾಂವಿಗೆ ಹೋಗೂ ಪಿಕ್ಚರಿಗೆ ಹೊಲದ ಕ್ಯಾಲೆಂಡರ್ ಅಡ್ಡ ಬರತದ. ಮುಂಗಾರಿ ಬಿತ್ತಿಗಿ ಹೊತ್ತಿನ್ಯಾಗ ಹಳ್ಳಿ ಮಂದಿ ಬರೂದಿಲ್ಲ. ರೋಣ, ನರಗುಂದದ ಎರಿ ಹೊಲದಾಗ ಹಿಂಗಾರಿ ಜ್ವಾಳ, ಕಡ್ಲಿ ಸುಗ್ಗಿ ನಡದಾಗೂ ಇಲ್ಲ. ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಚೀಲ ಬೀಳೂ ಕಾಲದಾಗ ರೊಕ್ಕ ಇರತದ, ಪುರಸೊತ್ತು ಇರೂದಿಲ್ಲ. ಬೆಂಗಳೂರಾಗ ಕೂತು ತಾರೀಖು ಇಡಾವ್ರಿಗೆ ಇದು ಲೆಕ್ಕಕ್ಕ ಬರೂದ ಇಲ್ಲ.

ಎರಿ ಹೊಲ:
ನೂರಕ್ಕ ನೂರು ಖರೆ. ಪರೀಕ್ಷೆ ಹಂಗಾಮನ್ನೂ ಸೇರಸ್ರಿ. ಮಾರ್ಚ್ ಅಂದ್ರ ಮನ್ಯಾಗ ಒಂದು ಹುಡುಗ ಎಸ್ಸೆಸ್ಸೆಲ್ಸಿ ಇದ್ರ ನಾಕು ಮಂದಿ ಟಾಕೀಜಿಗೆ ಬರೂದು ಬಂದ್.

ಕೊನೇ ಸಾಲು:
ಎಲ್ಲವನ್ನೂ ವಿತರಣೆಯ ತಲೆಗೆ ಕಟ್ಟಬೇಡಿ. ಚೆನ್ನಾಗಿ ಬಿಡುಗಡೆಯಾಗಿ, ಜನ ಕೂತು ನೋಡಿ, ಆಮೇಲೆ ಬೇಡವೆಂದ ಚಿತ್ರಗಳೂ ಇವೆ. ಹಿಚ್‌ಕಾಕ್‌ನ "ವರ್ಟಿಗೋ" 1958ರಲ್ಲಿ ದೊಡ್ಡ ಸ್ಟುಡಿಯೋ, ದೊಡ್ಡ ನಟ ಎಲ್ಲ ಇದ್ದೂ ತಣ್ಣಗೆ ಹೋಯಿತು. ರಹಸ್ಯವನ್ನು ಕೊನೆಯವರೆಗೆ ಎಳೆಯುವ ಬದಲು ಮುಕ್ಕಾಲು ದಾರಿಯಲ್ಲೇ ಬಿಚ್ಚಿಟ್ಟಿದ್ದು ಆಗಿನವರಿಗೆ ತಪ್ಪಾಗಿ ಕಂಡಿತು. ನಂತರ ವರ್ಷಗಟ್ಟಲೆ ಅದು ಯಾರ ಕಣ್ಣಿಗೂ ಬೀಳಲಿಲ್ಲ, 1980ರ ದಶಕದಲ್ಲಿ ಮತ್ತೆ ತೆರೆಗೆ ಬಂತು. 2012ರಲ್ಲಿ "ಸೈಟ್ ಅಂಡ್ ಸೌಂಡ್" ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಮೊದಲ ಸ್ಥಾನ, 2022ರಲ್ಲಿ ಎರಡನೆಯದು. ಚಿತ್ರದ ಒಂದು ಫ್ರೇಮೂ ಬದಲಾಗಿರಲಿಲ್ಲ. ಯಾರು ಏನು ಮಾಡಿದರು ಎಂಬುದು ಮೊದಲೇ ಗೊತ್ತಾದ ಮೇಲೆ ಅದು ಪತ್ತೇದಾರಿ ಚಿತ್ರವಲ್ಲ, ಗೀಳಿನ ಚಿತ್ರ ಎನ್ನುವುದು ಹೊಳೆಯಲು ಎರಡನೇ ಸಲ ನೋಡಬೇಕು. ಮೊದಲ ದಿನದ ವಿಮರ್ಶಕನಿಗೆ ಆ ಎರಡನೇ ಸಲ ಇರುವುದಿಲ್ಲ.

ಹಂಚಿಕೆ ಲೆಕ್ಕ:
ಕೊನೇ ಸಾಲು ಅವರ, ನಿಮ್ಮ ಮಾತಿನ್ಯಾಗೂ ನನ್ನ ಮಾತ ಅದ. ಮತ್ತ ಸಿಗಾಕ ಹತ್ತಿದ ಮ್ಯಾಲೆ ಪ್ರೀತಿ ಬಂತು ಹೌದಲ್ರಿ? "ಇಟ್ಸ್ ಎ ವಂಡರ್‌ಫುಲ್ ಲೈಫ್" 1946ರಾಗ ಹಾಕಿದ ರೊಕ್ಕ ತಗೀಲಿಲ್ಲ. 1974ರಾಗ ಅದರ ಕಾಪಿರೈಟ್ ನವೀಕರಣ ಮಾಡೂದು ಬಿಟ್ರು. ಅಮೆರಿಕದ ಟಿವಿ ಚಾನೆಲ್‌ನವ್ರು ಪುಕ್ಕಟ ಸಿಗತದ ಅಂತ ಪ್ರತಿ ಕ್ರಿಸ್‌ಮಸ್‌ಗೆ ಹಾಕಾಕ ಶುರು ಮಾಡಿದ್ರು. ಈಗ ಅದಿಲ್ಲದ ಅವರಿಗೆ ಹಬ್ಬ ಇಲ್ಲ.

ಕೊನೇ ಸಾಲು:
ಸಿಕ್ಕಿದ್ದೆಲ್ಲ ಉಳಿಯುವುದಿಲ್ಲವಲ್ಲ. ಪುಕ್ಕಟೆ ಸಿಗುವ ಸಾವಿರ ಚಿತ್ರಗಳನ್ನು ಯಾರೂ ನೋಡುವುದಿಲ್ಲ. ಸಿಗುವುದು ಬಾಗಿಲು ಮಾತ್ರ, ಒಳಗೆ ಏನೋ ಇರಬೇಕು.

ಪ್ರೊಜೆಕ್ಟರ್ ಖೋಲಿ:
ಸಂಜಿ ಅವರ, ನಿಮ್ಮ ಎರಡನೇ ಪ್ರಶ್ನೆಗೆ ಬರ್ತೀನಿ. ಸೋತ ಪಿಕ್ಚರಿಗೆ ಕೆಟ್ಟ ಕಾಪಿ ಹಚ್ಚಿದ್ರ ಎರಡನೇ ಸಲ ಕೊಂದಂಗ. ಕಾಪಿ ಕೈಯಾಗ ಸಿಕ್ಕ ಮ್ಯಾಲೆ ಮೂರು ಪರೀಕ್ಷೆ ಮಾಡ್ರಿ.

ಒಂದು, ಉದ್ದ. ಪಿಕ್ಚರ್ ಶುರುವಾಗೂ ಮುಂಚೆ ಸೆನ್ಸಾರ್ ಸರ್ಟಿಫಿಕೇಟ್ ತೋರಸ್ತಾರಲ್ಲ, ಅಲ್ಲೇ ನಿಲ್ಲಸ್ರಿ. ಫಿಲ್ಮ್ ಕಾಲದ ಪಿಕ್ಚರ್ ಇದ್ರ ಅದರಾಗ ಉದ್ದ ಮೀಟರಿನ್ಯಾಗ ಬರದಿರತಾರ. 35 ಎಂಎಂ ಫಿಲ್ಮು ಮಿನಿಟಿಗೆ 90 ಅಡಿ ಓಡತದ, ಅಂದ್ರ 27.4 ಮೀಟರ್. ಮೀಟರನ್ನ 27.4ರಿಂದ ಭಾಗಸಿದ್ರ ಖರೇ ಅವಧಿ ಬರತದ. ಸರ್ಟಿಫಿಕೇಟಿನ ಮ್ಯಾಲೆ ತ್ರಿಕೋನದ ಗುರುತು ಇದ್ರ ಮಂಡಳಿ ಕತ್ತರಿ ಹಾಕೇದ ಅಂತ ಅರ್ಥ, ಅದನ್ನೂ ನೋಡ್ರಿ.

ಎರಡು, ಚಿತ್ರದ ಅಳತಿ. ಸಿನಿಮಾಸ್ಕೋಪ್, ಅಂದ್ರ ಅಗಲ ಪಡದಿ ಪಿಕ್ಚರಿನ ಅಗಲ ಎತ್ತರಕ್ಕ 2.35ಕ್ಕ 1 ಇರತದ. ಹಳೇ ಟಿವಿ ಕಾಪಿ ಅದನ್ನ 4:3 ಡಬ್ಬಿಗೆ ಕೂಡಸಾಕ ಎರಡೂ ಬಾಜು ಕತ್ತರಸಿರತದ. ಲೆಕ್ಕ ಹಾಕ್ರಿ, ನೂರರಾಗ 43 ಪಾಲು ಚಿತ್ರ ಹೋಗಿರತದ. ಕತ್ತರಸದ ಹಿಚುಕಿದ್ದೂ ಇರತಾವ, ಅದರಾಗ ಮಂದಿ ಮಾರಿ ಸೌತಿಕಾಯಿ ಆಗಿರತದ. ಗೊತ್ತು ಹಿಡ್ಯಾಕ ಗಡಿಯಾರ ಇಲ್ಲಾ ಗಾಡಿ ಗಾಲಿ ಇರೂ ಶಾಟ್ ಹುಡುಕ್ರಿ. ಗಾಲಿ ದುಂಡಗ ಕಂಡ್ರ ಸರಿ, ತತ್ತಿ ಆಕಾರ ಇದ್ರ ಆ ಕಾಪಿ ಬ್ಯಾಡ.

ಮೂರು, ಹಾಡು. ಕೇಬಲ್‌ನಿಂದ ಇಳಿಸಿದ ಕಾಪಿಯಾಗ ಒಂದೊಂದು ಅಂತರಾನ ಹಾರಿರತದ. ಹಾಡಿನ ಧ್ವನಿಮುದ್ರಿಕೆ ಕೂಡ ಹೋಲಸಿ ನೋಡ್ರಿ.

ಏಲಕ್ಕಿ ಹಾರ:
ಮೀಟರ್ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ರಿ ಅಣ್ಣಾರ. 27.4ರಿಂದ ಭಾಗಸಿದ್ರೂ ಡಿವಿಡಿ ಕೂಡ ಹೊಂದೂದ ಇಲ್ಲ.

ಪ್ರೊಜೆಕ್ಟರ್ ಖೋಲಿ:
ಹೊಂದದ ಇರೂದಕ್ಕ ಎರಡು ಕಾರಣ ಇರತಾವ ತಮ್ಮಾ. ಉದಾಹರಣಿಗೆ ಸರ್ಟಿಫಿಕೇಟಿನ್ಯಾಗ 4,110 ಮೀಟರ್ ಅಂತ ಇಟ್ಕೊ. ಭಾಗಸಿದ್ರ 150 ಮಿನಿಟು. ನಿನ್ನ ಡಿವಿಡಿ 144 ಮಿನಿಟು ತೋರಸಿದ್ರ ಏನೂ ಕತ್ತರಸಿಲ್ಲ, ಪಾಲ್ ಅನ್ನೂ ಟಿವಿ ಪದ್ಧತಿಗೆ ತಿರಿಗಿಸ್ಯಾರ ಅಷ್ಟ. ಫಿಲ್ಮು ಸೆಕೆಂಡಿಗೆ 24 ಫ್ರೇಮ್, ಪಾಲ್ ಟಿವಿ 25. ಹಂಗಾಗಿ 4% ಜೋರು ಓಡತದ, ದನೀನೂ ಅರ್ಧ ಸ್ವರಕ್ಕಿಂತ ತುಸು ಕಡಿಮಿ ಏರತದ. ಧಾರವಾಡದಾಗ ಗಾಯನ ಕೇಳಿದ ಕಿವಿ ಇದನ್ನ ಕೂಡಲೆ ಹಿಡೀತಾವ, ಹಾಡಿನ ಶ್ರುತಿನ ಬದಲಿ ಆಗಿರತದ. 144ಕ್ಕಿಂತ ಕಡಿಮಿ, ಅಂದ್ರ 135 ಬಂದ್ರ ಖಂಡಿತ ಕತ್ತರಿ ಬಿದ್ದದ. ಆ ಕಾಪಿ ಇಟ್ಕೊಂಡು "ನಡುವ ಕಥಿ ಜಿಗೀತದ" ಅಂತ ನಿರ್ದೇಶಕನ್ನ ಬೈಬಾರದು.

ಏಲಕ್ಕಿ ಹಾರ:
ಈಗ ತಿಳೀತ್ರಿ. ನನ್ನ ಕಡೆ ಇದ್ದದ್ದು ಪಾಲ್ ಕಾಪಿ.

ಬೆಟಗೇರಿ ಮಗ್ಗ:
ಮೊದಲನೇ ಪಿಕ್ಚರ್ "ಕಾಗಜ್ ಕೆ ಫೂಲ್" ಇರಲಿ. 1959. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ನಿರ್ದೇಶನ ಮಾಡಿ ತಾನ ನಾಯಕ ಆದ ಗುರುದತ್ತ ಹುಟ್ಟಿದ್ದು ಬೆಂಗಳೂರಾಗ, ಕ್ಯಾಮೆರಾ ಹಿಡದ ವಿ.ಕೆ. ಮೂರ್ತಿ ಮೈಸೂರವರು. ಎರಡು ವರ್ಷ ಮೊದಲ "ಪ್ಯಾಸಾ" ಗೆದ್ದಿತ್ತು, ಮಂದಿ ಇನ್ನೊಂದು ಅಂಥಾದ್ದ ಸಿಗತದ ಅಂತ ಬಂದ್ರು. ಸಿಕ್ಕದ್ದು ತನ್ನ ಸ್ಟುಡಿಯೋದಾಗ ಸಾಯೂ ನಿರ್ದೇಶಕನ ಕಥಿ. ಸೋತ ಮ್ಯಾಲೆ ಗುರುದತ್ತ ಮತ್ತ ನಿರ್ದೇಶಕ ಅಂತ ತನ್ನ ಹೆಸರು ಹಾಕಿಕೊಳ್ಳಲೇ ಇಲ್ಲ.

"ವಕ್ತ್ ನೆ ಕಿಯಾ" ಹಾಡಿನ ಬೆಳಕು ನೋಡಾಕರ ಈ ಪಿಕ್ಚರ್ ತೋರಸಬೇಕು. ಸ್ಟುಡಿಯೋದ ದೊಡ್ಡ ದೀಪದಿಂದ ಬಿಸಿಲಿನ ಕೋಲಿನಂಥ ನೆಟ್ಟನ ಕಿರಣ ಬರೂದಿಲ್ಲ, ದೀಪದ ಬೆಳಕು ಹೊಂಟ ಕೂಡಲೆ ಹರಡತದ. ಬಿಸಿಲು ಭಾಳ ದೂರದಿಂದ ಬರೂದಕ್ಕ ಅದರ ಕಿರಣ ಸರಿಸಮ ಇರತಾವ. ಮೂರ್ತಿಯವರು ಹೊರಗ ಬಿಸಿಲಿಗೆ ಒಂದು ದೊಡ್ಡ ಕನ್ನಡಿ ಹಿಡಿಸಿ, ಅದರ ಬೆಳಕನ್ನ ಒಳಗ ಮ್ಯಾಲಿಟ್ಟ ಇನ್ನೊಂದು ಕನ್ನಡಿಗೆ ಹೊಡಿಸಿ, ಅಲ್ಲಿಂದ ನೆಲಕ್ಕ ಬಿಟ್ರು. ಒಳಗ ತೆಳ್ಳಗ ಹೊಗಿ ಹಾಕಿದ್ದಕ್ಕ ಕಿರಣ ಕಣ್ಣಿಗೆ ಕಾಣ್ತದ. ಸೂರ್ಯ ಸರದಂಗ ಹೊರಗಿನ ಕನ್ನಡಿ ತಿರಗಸ್ತಾನ ಇರಬೇಕು, ಇಲ್ಲಾಂದ್ರ ಕಿರಣ ಜಾಗಾ ಬಿಡತದ. ಆ ಕಿರಣದ ಆ ಕಡೆ ನಾಯಕಿ ವಹೀದಾ, ಈ ಕಡೆ ಗುರುದತ್ತ, ನಡುವ ಖಾಲಿ ನೆಲ. 4:3 ಕಾಪಿಯಾಗ ಹೋಗೂದು ಎರಡೂ ಬಾಜು ನಿಂತ ಅವರ. ಪ್ರೊಜೆಕ್ಟರ್ ಖೋಲಿಯವರು ಹೇಳಿದ 43 ಪಾಲು ಅಂದ್ರ ಇದು.

ಮೂರ್ತಿಯವರಿಗೆ ಆ ಕೆಲಸಕ್ಕ ಫಿಲಂಫೇರ್ ಬಂತು, 2008ನೇ ಸಾಲಿನ ಫಾಲ್ಕೆ ಪ್ರಶಸ್ತಿನೂ ಬಂತು. ಛಾಯಾಗ್ರಾಹಕರೊಬ್ಬರಿಗೆ ಫಾಲ್ಕೆ ಸಿಕ್ಕದ್ದು ಅದ ಮೊದಲು.

ಕೊನೇ ಸಾಲು:
ಬೆಟಗೇರಿಯವರೇ, ಚಿತ್ರವನ್ನು ಪ್ರೀತಿಸಿ, ಆದರೆ ದೋಷ ಮುಚ್ಚಬೇಡಿ. ಜಾನಿ ವಾಕರ್‌ನ ಹಾಸ್ಯದ ಎಳೆ ಬಂದಾಗಲೆಲ್ಲ ಚಿತ್ರ ನಿಂತುಬಿಡುತ್ತದೆ. ಕೊನೆಯ ಅರ್ಧ ತಾಸಿನಲ್ಲಿ ನಾಯಕನ ಪತನ ಒಂದೇ ಸ್ವರದಲ್ಲಿ ಮರುಕಳಿಸುತ್ತದೆ. ಆಗಿನ ಪ್ರೇಕ್ಷಕರು ಕುರುಡರೇನಲ್ಲ. ಅವರು ಹೇಳಿದ ದೂರು ಸರಿಯಾಗಿಯೇ ಇತ್ತು, ಅದಕ್ಕೆ ಕೊಟ್ಟ ತೂಕ ಮಾತ್ರ ತಪ್ಪು.

ಬೆಟಗೇರಿ ಮಗ್ಗ:
ಜಾನಿ ವಾಕರ್ ವಿಷಯ ಒಪ್ಪಿದೆ. ಕಡೇ ಅರ್ಧ ತಾಸು ಒಪ್ಪೂದಿಲ್ಲ. ಅಲ್ಲೆ ಪುನರಾವರ್ತನೆ ಬೇಕಂತನ ಮಾಡ್ಯಾರ. ಅದ ಸ್ಟುಡಿಯೋ, ಅದ ಗೇಟು, ಹಿಂದಕ ಹಾರ ಹಿಡದು ನಿಂತಿದ್ದ ಗದ್ದಲ ಇಲ್ಲ. ದೊಡ್ಡ ಪಡದಿ ಮ್ಯಾಲೆ ನೋಡಿದ್ರ ಆ ಖಾಲಿತನಾನ ಕಥಿ ಹೇಳತದ.

ಎರಿ ಹೊಲ:
"ಮೇರಾ ನಾಮ್ ಜೋಕರ್" ಯಾಕ ಬ್ಯಾಡ? 1970. ಅದಕ್ಕಿಂತ ದೊಡ್ಡ ಸೋಲು ಯಾವುದದ?

ಹಂಚಿಕೆ ಲೆಕ್ಕ:
ಅದರ ಸೋಲಿನ್ಯಾಗೂ ಗಣಿತ ಅದ. ಮೂಲ ಪಿಕ್ಚರ್ ನಾಕು ತಾಸಿಗಿಂತ ಹೆಚ್ಚು, ಎರಡು ಇಂಟರ್ವಲ್. ಮೂರು ತಾಸಿನ ಪಿಕ್ಚರ್ ದಿನಕ್ಕ ನಾಕು ಶೋ ಕೂಡತದ. ಇದು ಎರಡು ಇಂಟರ್ವಲ್ ಸೇರಿ ಶೋಕ್ಕ ಐದು ತಾಸಿನ ಹತ್ರ ಹೋಗತದ, ದಿನಕ್ಕ ಮೂರು ಹಾಕೂದ ಕಷ್ಟ. ಟಾಕೀಜಿಗೆ ದಿನಕ್ಕ ಒಂದು ಶೋದ ಸೀಟು ಹೋದಂಗ. ಬ್ಯಾಸತ್ತು ಕಡೀಗೆ ಕತ್ತರಸಿ ಓಡಿಸಿದ್ರು. ಕತ್ತರಸಿದ್ದನ್ನ ನೋಡಿದವ್ರು ತುಂಡು ತುಂಡು ಅನಸ್ತದ ಅಂದ್ರು. ಪೂರ್ತಿ ನೋಡಿದವ್ರು ಉದ್ದ ಆತು ಅಂದ್ರು. ಎರಡೂ ಕಡೆ ಸೋಲು. ರಾಜ್ ಕಪೂರ್ ಆ ಸಾಲದಿಂದ ಮ್ಯಾಲೆ ಎದ್ದದ್ದು 1973ರಾಗ "ಬಾಬಿ" ಗೆದ್ದ ಮ್ಯಾಲೆ.

ಸಪ್ತಾಪುರ 7:
ಅದನ್ನ ಮೂರು ರವಿವಾರ ಮಾಡಿ ತೋರಸ್ರಿ. ಸಾಲಿ ಟೀಚರ್ ಭಾಗ ಒಂದು, ಸರ್ಕಸ್ಸಿನ ರಷ್ಯನ್ ಹುಡುಗಿ ಭಾಗ ಒಂದು, ಪದ್ಮಿನಿ ಭಾಗ ಒಂದು. ಮೊದಲನೇ ಭಾಗ ತನ್ನಷ್ಟಕ್ಕ ತಾನು ಪೂರ್ಣ ಪಿಕ್ಚರ್ ಇದ್ದಂಗ ಅದ.

ಬೆಟಗೇರಿ ಮಗ್ಗ:
ಬ್ಯಾಡ್ರಿ ಸಪ್ತಾಪುರದವರ. ಮೂರು ಭಾಗ ಬ್ಯಾರೆ ಮಾಡಿದ್ರ ಕಡೀಗೆ ಮೂರೂ ಹೆಣ್ಣುಮಕ್ಕಳು ಸರ್ಕಸ್ಸಿನ ಕುರ್ಚಿಯಾಗ ಒಟ್ಟಿಗೆ ಕೂಡೂದಕ್ಕ ಏನ ಅರ್ಥ ಉಳೀತದ? ನಾಕು ತಾಸು ಕೂಡಬೇಕು. ಹತ್ತಕ್ಕ ಶುರು ಮಾಡಿ, ಮಧ್ಯಾಹ್ನದ ಊಟಕ್ಕ ಎರಡನೇ ಇಂಟರ್ವಲ್ ಬಿಡ್ರಿ. ಬಯಲಾಟ ರಾತ್ರಿ ಪೂರ್ತಿ ನೋಡೂ ನಾಡು ಇದು.

ಸಪ್ತಾಪುರ 7:
ಬಯಲಾಟದಾಗ ನಡುವ ಎದ್ದು ಚಹಾ ಕುಡದು ಬರ್ತಾರ, ಮಕ್ಕಳು ಅಲ್ಲೇ ನಿದ್ದಿ ಮಾಡ್ತಾವ. ಮುಚ್ಚಿದ ಹಾಲಿನ್ಯಾಗ ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ನಾಕು ತಾಸು ಬ್ಯಾರೆ ಮಾತು.

ಮಲಪ್ರಭಾ ದಂಡಿ:
ಕನ್ನಡದ್ದು ಒಂದೂ ಬರಲಿಲ್ಲಲ್ರಿ? "ಉಳಿದವರು ಕಂಡಂತೆ" ಬಿಟ್ಟು ಈ ಚರ್ಚೆ ಮಾಡೂದು ಹೆಂಗ? 2014ರ ಮಾರ್ಚ್ 28ಕ್ಕ ಬಂತು, ಪರೀಕ್ಷೆ ದಿನ. ಏಪ್ರಿಲ್ 17ಕ್ಕ ಲೋಕಸಭಾ ಮತದಾನ, ನಡುವ ಐಪಿಎಲ್ ಶುರು. ಮಾಸ್ ಪಿಕ್ಚರ್ ಅಂತ ಬಂದ ಮಂದಿಗೆ ಅಧ್ಯಾಯ ಅಧ್ಯಾಯ ಮಾಡಿ, ಒಂದ ಘಟನಾನ ಬ್ಯಾರೆ ಬ್ಯಾರೆ ಮಂದಿ ಕಣ್ಣಿಂದ ತೋರಿಸಿದ್ರು. ಮೊದಲ ಸಲ ನೋಡಿದಾಗ ಯಾವ ಸಂಜಿ ಯಾವುದರ ಮುಂದ, ಯಾವುದರ ಹಿಂದ ಅನ್ನೋದು ತಿಳಿಯಾಕ ತಡ ಆಗತದ. ಅಷ್ಟರಾಗ ಅರ್ಧ ಹಾಲು ಎದ್ದು ಹೋಗಿರತದ. ತಮಿಳಿನವರು 2017ರಾಗ "ರಿಚಿ" ಅಂತ ಮತ್ತ ಮಾಡಿದ್ರು, ಅದೂ ನಿಲ್ಲಲಿಲ್ಲ. ಮೂಲ ಮಾತ್ರ ವರ್ಷದಿಂದ ವರ್ಷಕ್ಕ ಬೆಳೀತು.

ಏಲಕ್ಕಿ ಹಾರ:
ನಮ್ಮ ಕಡೆ ಅದು ಮುಟ್ಟದ ಇರಾಕ ಭಾಷಾನೂ ಕಾರಣ. ಕರಾವಳಿ ಕನ್ನಡ ಪಟಪಟ ಹೊಡೀತಾರ, ಹಾವೇರಿ ಕಿವಿಗೆ ಅರ್ಧ ಬೀಳೂದಿಲ್ಲ.

ಪ್ರೊಜೆಕ್ಟರ್ ಖೋಲಿ:
ಭಾಷೆದ್ದು ಅರ್ಧ, ಸ್ಪೀಕರಿನದು ಅರ್ಧ. ಆ ಪಿಕ್ಚರಿನ್ಯಾಗ ಸ್ಥಳದಾಗಿನ ದನೀನ ಹಿಡದಾರ, ಡಬ್ಬಿಂಗ್ ಖೋಲಿಯಾಗ ಮತ್ತ ಹೇಳಿಸಿದ್ದಲ್ಲ. ಹಂಗಾಗಿ ಮಾತಿನ ಜೊತಿ ಸಮುದ್ರ, ಗಾಳಿ, ಮಲ್ಪೆ ಬಂದರದ ಗದ್ದಲ ಎಲ್ಲಾ ಇರತದ. 5.1 ಅಂದ್ರ ಸುತ್ತ ಐದು ಸ್ಪೀಕರ್, ಒಂದು ಬೇಸ್ ಸ್ಪೀಕರ್ ಇರೂ ಧ್ವನಿ; ಅದರಾಗ ಮಾತು ಬಹುತೇಕ ನಡುವಿನ ಸ್ಪೀಕರಿನ್ಯಾಗ, ಅಂದ್ರ ಸೆಂಟರ್ ಚಾನೆಲ್‌ನ್ಯಾಗ ಇರತದ. ನೀವು ಎರಡ ಸ್ಪೀಕರ್ ಹಚ್ಚಿ, ಪ್ಲೇಯರ್‌ನ್ಯಾಗ ಸೆಟ್ಟಿಂಗ್ ಬದಲಸಲಿಲ್ಲಂದ್ರ ಸೆಂಟರ್ ಪೂರ್ತಿ ಮಾಯ ಆಗೂದೂ ಉಂಟು. ಹಾಡು, ಡೋಲು, ಹುಲಿವೇಷದ ಗದ್ದಲ ಜೋರು ಕೇಳತದ, ಮಾತು ಬಾವಿಯೊಳಗಿಂದ ಬಂದಂಗ ಇರತದ. ಮಂದಿ "ಕಥಿ ತಿಳೀಲಿಲ್ಲ" ಅಂತ ಎದ್ದು ಹೋಗ್ತಾರ.

ಪರಿಹಾರ ಸರಳ. ಪ್ಲೇಯರ್‌ನ್ಯಾಗ ಆಡಿಯೋ ಔಟ್‌ಪುಟ್ ಸ್ಟೀರಿಯೋ ಮಾಡ್ರಿ, ಐದೂ ಚಾನೆಲ್ ಎರಡಕ್ಕ ಕೂಡಿ ಬರತಾವ. ಪರೀಕ್ಷೆಗೆ, ರತ್ನಕ್ಕನ ಪಾತ್ರದಾಗ ತಾರಾ ಸಣ್ಣ ದನಿಯಾಗ ಮಾತಾಡೂ ಒಂದು ದೃಶ್ಯ ಹಚ್ಚಿ ಹಾಲಿನ ಕಡೇ ಸಾಲಿನ್ಯಾಗ ಕೂತು ಕೇಳ್ರಿ. ಅಲ್ಲೆ ತಿಳೀತಂದ್ರ ಎಲ್ಲಾ ಕಡೆ ತಿಳೀತದ.

ಕೊನೇ ಸಾಲು:
ಇದು ನಿಜಕ್ಕೂ ಉಪಯೋಗದ ಮಾತು. ಜೊತೆಗೆ ಸಬ್‌ಟೈಟಲ್ ಇರುವ ಕಾಪಿ ಸಿಕ್ಕರೆ ಹಾಕಿ, ಕನ್ನಡ ಚಿತ್ರಕ್ಕೆ ಸಬ್‌ಟೈಟಲ್ ಬೇಕೇ ಎಂದು ಯಾರಾದರೂ ಕೇಳಿದರೂ ಸರಿ.

ಸಾಧನಕೇರಿ ಸಂಜಿ:
ಎಲ್ಲಾರಿಗೂ ಧನ್ಯವಾದ. ನಮ್ಮದು ಟಿಕೀಟು ಇಲ್ಲದ ಶೋ. ಹಂಗಿದ್ದ ಮ್ಯಾಲೆ ಪರವಾನಗಿ ಯಾರ ಕಡೆನೂ ಬ್ಯಾಡ ಅಲ್ರಿ?

ಸಪ್ತಾಪುರ 7:
ಬ್ಯಾಡ. ರೊಕ್ಕ ತಗೊಳ್ಳೂದಿಲ್ಲ ಅಂದ್ರ ಯಾರೂ ಕೇಳೂದಿಲ್ಲ.

ನ್ಯಾಯದ ಕಟ್ಟೆ:
ಸಪ್ತಾಪುರದವರು ಹೇಳಿದ್ದು ತಪ್ಪು. ದಯವಿಟ್ಟು ಅದನ್ನು ನಂಬಿ ನಡೆಯಬೇಡಿ. ಟಿಕೆಟ್ ಇಲ್ಲದಿದ್ದರೂ ಸಾರ್ವಜನಿಕರಿಗೆ ತೋರಿಸಿದರೆ ಅದು ಸಾರ್ವಜನಿಕ ಪ್ರದರ್ಶನವೇ, ಹಕ್ಕುದಾರರ ಒಪ್ಪಿಗೆ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ ತೋರಿಸಬೇಕು, ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಅಥವಾ ಪಾಲಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ನಿಮ್ಮ 40 ಜನ ಊರಿನ ಆಸಕ್ತರು, ಆದ್ದರಿಂದ ಆ ಬಾಗಿಲು ನಿಮಗಿಲ್ಲ. ಮನೆಯ ಒಟಿಟಿ ಖಾತೆಯಿಂದ ಹಾಲಿನಲ್ಲಿ ತೋರಿಸುವುದಂತೂ ಆಗದು, ಅದು ಮನೆಬಳಕೆಗೆ ಕೊಟ್ಟದ್ದು.

ಇನ್ನೊಂದು ದಾರಿ ಇದೆ. ನಮ್ಮಲ್ಲಿ ಚಲನಚಿತ್ರದ ಕೃತಿಸ್ವಾಮ್ಯ 60 ವರ್ಷ. ಬಿಡುಗಡೆಯಾದ ವರ್ಷದ ಮುಂದಿನ ಜನವರಿ 1ರಿಂದ ಎಣಿಸಬೇಕು. 1959ರ "ಕಾಗಜ್ ಕೆ ಫೂಲ್" ಲೆಕ್ಕ 2019ರ ಡಿಸೆಂಬರ್ 31ಕ್ಕೆ ಮುಗಿದಿದೆ. 1970ರ "ಜೋಕರ್" 2030ರ ಕೊನೆಯವರೆಗೂ ಹಕ್ಕಿನಲ್ಲಿರುತ್ತದೆ. ಆದರೆ ಒಂದು ಎಚ್ಚರಿಕೆ: ಹಾಡಿನ ಸಾಹಿತ್ಯಕ್ಕೂ ಸಂಗೀತಕ್ಕೂ ಬೇರೆ ಲೆಕ್ಕ, ಬರೆದವರು ತೀರಿಕೊಂಡ ನಂತರ 60 ವರ್ಷ. "ಕಾಗಜ್ ಕೆ ಫೂಲ್"ಗೆ ಹಾಡು ಬರೆದ ಕೈಫಿ ಆಜ್ಮಿ 2002ರಲ್ಲಿ, ಸಂಗೀತ ಕೊಟ್ಟ ಎಸ್.ಡಿ. ಬರ್ಮನ್ 1975ರಲ್ಲಿ ತೀರಿಕೊಂಡರು. ಆದ್ದರಿಂದ ಹಳೆಯ ಚಿತ್ರವಾದರೂ ವಕೀಲರೊಬ್ಬರಿಗೆ ತೋರಿಸಿ ಬರವಣಿಗೆಯಲ್ಲಿ ಅಭಿಪ್ರಾಯ ಪಡೆಯಿರಿ. ಹಾಲಿನವರನ್ನೂ ಚಿತ್ರ ಪ್ರದರ್ಶನಕ್ಕೆ ಅವಕಾಶವಿದೆಯೇ ಎಂದು ಮೊದಲೇ ಕೇಳಿ. ಕರ್ನಾಟಕದಲ್ಲಿ 1964ರ ಸಿನಿಮಾ ನಿಯಂತ್ರಣ ಕಾಯ್ದೆ ಪ್ರದರ್ಶನದ ಜಾಗದ ಲೈಸೆನ್ಸನ್ನು ನೋಡುತ್ತದೆ.

ಸಪ್ತಾಪುರ 7:
ಸರಿ ಸರ್, ತಿದ್ದಿಕೊಂಡೆ. "ಉಳಿದವರು" ತೋರಸಬೇಕಂದ್ರ ನಿರ್ಮಾಪಕರಿಗೆ ಪತ್ರ ಹಾಕಬೇಕಂದಂಗಾತು.

ನ್ಯಾಯದ ಕಟ್ಟೆ:
ಹೌದು. ಪತ್ರದಲ್ಲಿ ಐದು ಸಂಗತಿ ಸ್ಪಷ್ಟವಾಗಿರಲಿ: ಯಾವ ತಾರೀಖು, ಯಾವ ಹಾಲು, ಎಷ್ಟು ಆಸನ, ಟಿಕೆಟ್ ಇಲ್ಲ, ಒಂದೇ ಪ್ರದರ್ಶನ. ಎಷ್ಟು ಆಸನ ಎಂದು ಬರೆಯದ ಪತ್ರಕ್ಕೆ ಉತ್ತರ ಬರುವುದು ಕಷ್ಟ, ಅವರು ದರ ಹೇಳುವುದೇ ಅದರ ಮೇಲೆ.

ಮಲಪ್ರಭಾ ದಂಡಿ:
ಹಿಂದಿ ಹಾರರ್ ಪಿಕ್ಚರ್ "ತುಂಬಾಡ್" ಪಟ್ಟಿಗೆ ಹಾಕ್ಕೋರಿ. 2018ರ ಅಕ್ಟೋಬರ್‌ನ್ಯಾಗ ಬಂದಾಗ ನೋಡಿದವ್ರು ಕಡಿಮಿ. 2024ರ ಸೆಪ್ಟೆಂಬರ್‌ನ್ಯಾಗ ಮತ್ತ ಬಿಟ್ಟಾಗ ಮೊದಲಿಗಿಂತ ಹೆಚ್ಚು ಗಳಸಿತು. ಸೋತದ್ದು ಮತ್ತ ಗೆಲ್ಲತದ ಅನ್ನಾಕ ಅದಕ್ಕಿಂತ ಛಲೋ ಸಾಕ್ಷಿ ಬ್ಯಾಡ.

ಹಂಚಿಕೆ ಲೆಕ್ಕ:
ಮರುಬಿಡುಗಡೆ ಈಗ ಹಗುರ ಆಗ್ಯದ, ಅದಕ್ಕ. ಫಿಲ್ಮ್ ಕಾಲದಾಗ 150 ಮಿನಿಟಿನ ಪಿಕ್ಚರಿಗೆ ಒಂದೊಂದು ಪ್ರಿಂಟಿಗೂ 13,500 ಅಡಿ ಫಿಲ್ಮು ಬೇಕಿತ್ತು. ಹಳೇ ಪ್ರಿಂಟು ಹುಬ್ಬಳ್ಳಿ ಮುಗಿಸಿ, ಗದಗ ಮುಗಿಸಿ, ತಾಲೂಕಿಗೆ ಬರೂದರೊಳಗ ಗೀರು ಬಿದ್ದು, ಹರದಲ್ಲಿ ಜೋಡಿಸಿ ಜೋಡಿಸಿ ಮಾತು ಹಾರತಿತ್ತು. ಈಗ ಒಂದು ಹಾರ್ಡ್ ಡಿಸ್ಕು, ಇಲ್ಲಾ ಉಪಗ್ರಹದಿಂದ ಫೈಲು, ಮ್ಯಾಲೆ ಒಂದು ಡಿಜಿಟಲ್ ಕೀಲಿ. ಕೀಲಿ ಆ ಟಾಕೀಜಿನ ಸರ್ವರಿಗೆ, ಆ ತಾರೀಖಿಗೆ ಮಾತ್ರ ನಡೀತದ. ಇಡೀ ಪಿಕ್ಚರ್ ಬಂದು ಕೂತಿದ್ರೂ ಕೀಲಿ ತಪ್ಪಿದ್ರ ಶೋ ಇಲ್ಲ.

ಪ್ರೊಜೆಕ್ಟರ್ ಖೋಲಿ:
"ತುಂಬಾಡ್" ಕತ್ತಲಿ ಪಿಕ್ಚರ್. ಕಿಟಕಿ ಬೆಳಕು ಬೀಳೂ ಹಾಲಿನ್ಯಾಗ ಮಧ್ಯಾಹ್ನ ತೋರಿಸಿದ್ರ ಬೂದಿ ಬಣ್ಣದ ಅರಿವಿ ನೋಡಿದಂಗ ಆಗತದ. ಪಡದಿ ಮ್ಯಾಲೆ ಬಿದ್ದ ಹೊರಗಿನ ಬೆಳಕಿಗಿಂತ ಕಪ್ಪು ಬಣ್ಣ ತೋರಸಾಕ ಯಾವ ಪ್ರೊಜೆಕ್ಟರ್‌ಗೂ ಬರೂದಿಲ್ಲ. ಈಗ ಮೂರನೇ ಪ್ರಶ್ನೆ ಹಿಡೀತೀನಿ, ಬರಕೋರಿ.

40 ಮಂದಿಗೆ 10 ಅಡಿ ಅಗಲದ ಪಡದಿ ಸಾಕು. 16:9 ಆದ್ರ ಎತ್ತರ 5.6 ಅಡಿ, ಕ್ಷೇತ್ರಫಲ 56 ಚದರ ಅಡಿ. ಟಾಕೀಜಿನ ನಿಯಮದ ಬೆಳಕು 14 ಫುಟ್-ಲ್ಯಾಂಬರ್ಟ್ (ಪಡದಿ ಹೊಳಪಿನ ಅಳತಿ). ಗುಣಿಸಿದ್ರ ಸುಮಾರು 800 ಲ್ಯೂಮೆನ್ (ಪ್ರೊಜೆಕ್ಟರ್ ಬಿಡೂ ಒಟ್ಟು ಬೆಳಕಿನ ಅಳತಿ). ಪ್ರೊಜೆಕ್ಟರ್ ಡಬ್ಬಿ ಮ್ಯಾಲೆ 3000 ಅಂತ ಬರದಿದ್ದು ಹಸರು ಹೊಡಿಯೂ ಜೋರು ಮೋಡಿನ್ಯಾಗ, ಸಿನಿಮಾ ಮೋಡಿಗೆ ತಂದ್ರ ಅರ್ಧಕ್ಕ ಇಳೀಬಹುದು, ದೀಪ ಹಳೇದಾದ್ರ ಮತ್ತೂ ಅರ್ಧ. ಹಂಗ ನೋಡಿದ್ರ 3000ದ್ದು ಕರೆಕ್ಟ್, ಆದ್ರ ಹಾಲು ಪೂರ್ತಿ ಕತ್ತಲಿ ಇರಬೇಕು. ಕಿಟಕಿಗೆ ಕಪ್ಪು ಅರಿವಿ ಎರಡು ಪದರ ಹಾಕಿ, ಅಂಚಿಗೆ ಟೇಪ್ ಹಚ್ಚಿ. ಬೆಳಕು ನುಗ್ಗೂದು ಅಂಚಿನಿಂದನ. ಪಡದಿ ಕೆಳ ಅಂಚು ನೆಲದಿಂದ 4 ಅಡಿ ಮ್ಯಾಲೆ ಇರಲಿ, ಇಲ್ಲಾಂದ್ರ ಮುಂದಿನವರ ತಲಿ ಸಬ್‌ಟೈಟಲ್ ನುಂಗತದ.

ಲ್ಯಾಪ್‌ಟಾಪಿನ ರಿಫ್ರೆಶ್ ರೇಟು (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗತದ ಅನ್ನೂದು) 60 ಇದ್ರ 24 ಫ್ರೇಮಿನ ಪಿಕ್ಚರ್ ಸಮ ಕೂಡೂದಿಲ್ಲ, ಕ್ಯಾಮೆರಾ ಸಾವಕಾಶ ಸರದಾಗ ಚಿತ್ರ ಎಗರತದ. 24ಕ್ಕ ಇಡ್ರಿ. ಟಿವಿ ಬಳಸೂದಿದ್ರ ಮೋಷನ್ ಸ್ಮೂದಿಂಗ್ (ಫ್ರೇಮಿನ ನಡುವ ಹೊಸ ಫ್ರೇಮ್ ಸೇರಸೂ ಸೆಟ್ಟಿಂಗ್) ಬಂದ್ ಮಾಡ್ರಿ, ಅದು ಯಾವ ಸಿನಿಮಾನೂ ಧಾರಾವಾಹಿ ಮಾಡಿಬಿಡತದ. ಬ್ಲೂಟೂತ್ ಸ್ಪೀಕರ್ ಬ್ಯಾಡ. 0.2 ಸೆಕೆಂಡ್ ತಡ ಆದ್ರೂ ಸುಮಾರು ಐದು ಫ್ರೇಮ್ ಹಿಂದ ಬಿದ್ದಂಗ, ತುಟಿ ಮಾತು ಕೂಡೂದಿಲ್ಲ. ವಾಯರ್ ಹಚ್ರಿ.

ಖಾಲಿ ಗ್ವಾಡಿ ಹಾಲಿನ್ಯಾಗ ದನಿ ಗುಂಯ್‌ಗುಡತದ. ಹಿಂದಿನ ಗ್ವಾಡಿಗೆ ನವಲಗುಂದದ ಜಮಖಾನಿ ಎರಡು ಇಳೇ ಬಿಡ್ರಿ, ಗ್ವಾಡಿಯಿಂದ ಒಂದು ಗೇಣು ದೂರ ಇದ್ರ ಇನ್ನೂ ಛಲೋ. ಮಾತು ಬಿಗಿ ಆಗತದ.

ಕರೆಂಟ್ ಹೋದ್ರ ದೀಪದ ಪ್ರೊಜೆಕ್ಟರಿಗೆ ಪೆಟ್ಟು, ಫ್ಯಾನು ನಿಂತು ದೀಪ ಸುಡತದ. ಪ್ರೊಜೆಕ್ಟರ್ 300 ವ್ಯಾಟ್, ಲ್ಯಾಪ್‌ಟಾಪ್ 60, ಒಟ್ಟು 360. 600 ವಿಎ ಯುಪಿಎಸ್ ಅಂಚಿಗೆ ಬರತದ, 1 ಕೆವಿಎ ತಗೋರಿ. ಪಿಕ್ಚರ್ ಓಡಸಾಕಲ್ಲ, ತಣ್ಣಗ ಮಾಡಿ ಬಂದ್ ಮಾಡಾಕ.

ಎರಿ ಹೊಲ:
ಇಂಟರ್ವಲ್‌ಗೆ ಗಿರ್ಮಿಟ್ ಮತ್ತ ಮಿರ್ಚಿ ಭಜಿ ಆಗಬೇಕು ನೋಡ್ರಿ.

ಏಲಕ್ಕಿ ಹಾರ:
ಗಿರ್ಮಿಟ್ ಮೊದಲ ಕಲಸಿ ಇಟ್ಟೀರಿ ಮತ್ತ. ಹುಣಸಿ, ಬೆಲ್ಲದ ಒಗ್ಗರಣಿ ಮಸಾಲಿ ಬ್ಯಾರೆ ಡಬ್ಬಿ, ಚುರುಮರಿ ಬ್ಯಾರೆ, ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ ಬ್ಯಾರೆ. ಇಂಟರ್ವಲ್ ಬೋರ್ಡ್ ಬಿದ್ದ ಮ್ಯಾಲೆ ಕಲಸಬೇಕು. ಐದು ಮಿನಿಟಾದ್ರ ಮೆತ್ತಗಾಗಿ ಮುದ್ದಿ ಆಗತದ.

ಬೆಟಗೇರಿ ಮಗ್ಗ:
ಹೊರಗ ತಿಂದು ಒಳಗ ಬರ್ರಿ. ಪೇಪರ್ ಪೊಟ್ಟಣದ ಸಪ್ಪಳ ಆ ಕನ್ನಡಿ ಬೆಳಕಿನ ಹಾಡಿನ್ಯಾಗ ಬ್ಯಾಡ.

ದುರ್ಗದಬೈಲ್ 3ನೇ ಶೋ:
ನನ್ನದೊಂದು ತಕರಾರು. ಇಲ್ಲೆ ಬಂದ ಹೆಸರೆಲ್ಲಾ ಈಗ ಮಂದಿ ಒಪ್ಪಿಕೊಂಡಾವು. "ಅಂದಾಜ್ ಅಪ್ನಾ ಅಪ್ನಾ" 1994ರಾಗ ಓಡಲಿಲ್ಲ, ಟಿವಿಯಾಗ ಬಂದು ಬಂದು ಮಂದಿಗೆ ಬಾಯಿಪಾಠ ಆತು. ಅದನ್ನ ಪ್ರೀತಿಸಾಕ ಈಗ ಏನ ಧೈರ್ಯ ಬೇಕು? ಖರೇ ಸೋತ ಪಿಕ್ಚರ್ ಅಂದ್ರ ಇವತ್ತಿಗೂ ಯಾರೂ ಮರಳಿ ನೋಡದ್ದು. ಅಂಥಾದ್ದರೊಳಗ ಒಂದು ಶಾಟ್, ಒಂದು ಪಾತ್ರ ಛಲೋ ಇರತದ. ಅದನ್ನ ಹುಡುಕೂದು ಹೆಂಗ ಅನ್ನೂದು ಯಾರೂ ಹೇಳಲಿಲ್ಲ.

ಕೊನೇ ಸಾಲು:
ಒಳ್ಳೆಯ ತಕರಾರು. ಹತ್ತು ನಿಮಿಷ ಧ್ವನಿ ಬಂದ್ ಮಾಡಿ ನೋಡಿ. ಯಾರಿಗೆ ಏನು ಬೇಕು, ಯಾರು ಯಾರಿಗೆ ಹೆದರುತ್ತಾರೆ ಎಂಬುದು ಚಿತ್ರದಿಂದಲೇ ತಿಳಿದರೆ ಅಲ್ಲಿ ನಿರ್ದೇಶಕನೊಬ್ಬ ಇದ್ದಾನೆ. ತಿಳಿಯದಿದ್ದರೆ ಅದು ಚಿತ್ರ ಹಚ್ಚಿದ ನಾಟಕ. ಮುಖ್ಯ ಪಾತ್ರ ಮಾತಾಡುವಾಗ ಹಿಂದೆ ನಿಂತವರನ್ನು ನೋಡಿ. ಸೋಮಾರಿ ಚಿತ್ರದಲ್ಲಿ ಅವರು ತಮ್ಮ ಸರದಿಗೆ ಕಾಯುತ್ತಿರುತ್ತಾರೆ, ಪ್ರೀತಿಯಿಂದ ಮಾಡಿದ್ದರಲ್ಲಿ ಏನೋ ಕೆಲಸ ಮಾಡುತ್ತಿರುತ್ತಾರೆ. ಹಲವು ರೂಪಗಳಿದ್ದರೆ ಎಲ್ಲವನ್ನೂ ಹುಡುಕಿ. 1982ರ "ಬ್ಲೇಡ್ ರನ್ನರ್"ಗೆ ಸ್ಟುಡಿಯೋದವರು ವಿವರಣೆಯ ಧ್ವನಿ ಹಾಗೂ ಸುಖಾಂತ ಅಂಟಿಸಿದ್ದರು, 1992ರ ರೂಪದಲ್ಲಿ ಎರಡೂ ತೆಗೆದರು, 2007ರಲ್ಲಿ ನಿರ್ದೇಶಕನ ಅಂತಿಮ ರೂಪ ಬಂತು. ಯಾವುದನ್ನು ನೋಡಿ ಬೈದರು ಎಂದು ಕೇಳದೆ ಬೈಗುಳವನ್ನು ನಂಬಬಾರದು.

ದುರ್ಗದಬೈಲ್ 3ನೇ ಶೋ:
ಹಿಂದ ನಿಂತವರನ್ನ ನೋಡೂದು ಛಲೋ ಹೇಳಿದ್ರಿ. ಆದ್ರೂ ಒಂದು ತಿಂಗಳು ಯಾರೂ ಹೆಸರು ತಗೊಳ್ಳದ ಕನ್ನಡ ಪಿಕ್ಚರ್ ಒಂದನ್ನ ಇಡ್ರಿ ಅಂತ ಕೇಳಿಕೊಳ್ತೀನಿ.

ಮಲಪ್ರಭಾ ದಂಡಿ:
ಅದಕ್ಕ ನನ್ನ ಮತ.

ಸಾಧನಕೇರಿ ಸಂಜಿ:
ಮೊದಲನೇದು "ಕಾಗಜ್ ಕೆ ಫೂಲ್", ವಕೀಲರ ಕಡೆಯಿಂದ ಬರವಣಿಗಿ ಬಂದ ಮ್ಯಾಲೆ. ಎರಡನೇದಕ್ಕ "ಉಳಿದವರು ಕಂಡಂತೆ"ಗೆ ಪತ್ರ ಹಾಕ್ತೀವಿ. ಮೂರನೇ ತಿಂಗಳು ದುರ್ಗದಬೈಲ್‌ನವರ ಸಲಹೆದ್ದು, ಹೆಸರು ಇಲ್ಲೇ ಸೂಚಸ್ರಿ. ಪ್ರೊಜೆಕ್ಟರ್ ಖೋಲಿ ಅಣ್ಣಾರ, ಸ್ಕೋಪ್ ಪಿಕ್ಚರ್ 16:9 ಪಡದಿ ಮ್ಯಾಲೆ ಹಾಕಿದಾಗ ಮ್ಯಾಲೆ ಕೆಳಗ ಕರೀ ಪಟ್ಟಿ ಬರತದಲ್ರಿ, ಅದಕ್ಕೇನ ಮಾಡೂದು?

ಪ್ರೊಜೆಕ್ಟರ್ ಖೋಲಿ:
ಅದು ಪೂರ್ತಿ ಕಪ್ಪು ಇರೂದಿಲ್ಲ, ಮಂಕು ಬೂದಿ ಬಣ್ಣ ಇರತದ, ಕಣ್ಣು ಅಲ್ಲೇ ಹೋಗತದ. 10 ಅಡಿ ಅಗಲದಾಗ ಸ್ಕೋಪಿನ ಎತ್ತರ 4 ಅಡಿ 3 ಇಂಚು ಬರತದ. ಮ್ಯಾಲೆ 8 ಇಂಚು, ಕೆಳಗ 8 ಇಂಚು ಖಾಲಿ. ಹೊಳಪಿಲ್ಲದ ಕಪ್ಪು ಅರಿವಿ ಎರಡು ಪಟ್ಟಿ ಹರಿಸಿ, ಮ್ಯಾಲಿನ ಅಂಚಿಗೊಂದು, ಕೆಳಗಿನ ಅಂಚಿಗೊಂದು, ಬಿಗಿಯಾಗಿ ಪಿನ್ ಹಾಕ್ರಿ. ರೇಷ್ಮಿ, ಸ್ಯಾಟಿನ್ ಬ್ಯಾಡ, ಹೊಳೀತದ. ಸಬ್‌ಟೈಟಲ್ ಕೆಳಗಿನ ಪಟ್ಟಿ ಮ್ಯಾಲೆ ಬೀಳೂ ಕಾಪಿ ಇದ್ರ ಪ್ಲೇಯರ್‌ನ್ಯಾಗ ಅದನ್ನ ಮ್ಯಾಲೆ ಏರಸ್ರಿ, ಶನಿವಾರ ರಾತ್ರಿನ ಹಚ್ಚಿ ನೋಡ್ರಿ.